ಮಸಾರಿ ಹೊಲದ ಮೊದಲ ಕಬ್ಬು

ಆ ಆಷಾಢದಲ್ಲಿ ನಮ್ಮ ಮೇಜಿನ ಮೇಲೆ ಬಂದ ಕಬ್ಬಿನ ಬುಡಗಳೆಲ್ಲ ಬಹಳ ಚೊಕ್ಕವಾಗಿದ್ದವು. ಬೇರಿಗೆ ಒಂದು ಚೂರು ಮಣ್ಣು ಅಂಟಿರುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಹುರಿಯಿಂದ ಬಿಗಿದು, ಬೀಗರ ಊರಿಗೆ ಒಯ್ಯುವ ಬುತ್ತಿಯ ಹಾಗೆ ತಂದಿಡುತ್ತಿದ್ದರು. ನೋಡಿ ನನಗೆ ಸಮಾಧಾನವೇ ಆಗಿತ್ತು. ಕೆಲಸದ ಜಾಗ ಚೊಕ್ಕವಾಗಿರಬೇಕು ಎನ್ನುವವಳು ನಾನು.

ಕೆಲಸ ಇಂಥದ್ದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ರೈತರಿಗೆ ಹುಳುಗಳ ಬಗ್ಗೆ ತಿಳಿದವರ ಮಾತು ನೇರವಾಗಿ ಸಿಗಬೇಕು ಎಂದು ರೈತರದೇ ಒಂದು ಸಹಕಾರಿ ಸಂಘ ತೀರ್ಮಾನಿಸಿತ್ತು. ಅಲ್ಲಿಯವರೆಗೆ ಬೆಳೆ ಹಳದಿಯಾದರೆ ಜನ ಹೋಗುತ್ತಿದ್ದುದು ಔಷಧದ ಅಂಗಡಿಗೆ. ಅಂಗಡಿಯವನು ಒಂದು ಬಾಟಲಿ ಕೊಡುತ್ತಿದ್ದ. ಅದು ನಾಟದಿದ್ದರೆ ಇನ್ನೊಂದು. ಕೃಷಿ ಇಲಾಖೆಯಿಂದ ನಿವೃತ್ತಳಾಗಿದ್ದ ನನ್ನನ್ನು ವ್ಯವಸ್ಥೆ ನೋಡಿಕೊಳ್ಳಲು ಕರೆದರು. ಜೊತೆಗೆ ಕೀಟಶಾಸ್ತ್ರ ಓದಿದ ಒಬ್ಬ ತಜ್ಞರನ್ನು ಕೊಟ್ಟರು. ಮೈಸೂರು ಕಡೆಯವರು, ನನ್ನ ಮಗನ ವಯಸ್ಸಿನವರು, ಮಾತು ಕಡಿಮೆ.

ನಾನು ಬೆಳೆದದ್ದು ಗಂಟೆಯ ಸದ್ದಿಗೆ ಏಳುವ, ಗಂಟೆಯ ಸದ್ದಿಗೆ ಉಣ್ಣುವ ವಸತಿನಿಲಯದಲ್ಲಿ. ಆ ಅಭ್ಯಾಸ ಬಿಟ್ಟಿಲ್ಲ. ಮೊದಲ ದಿನವೇ ಕ್ರಮ ಹಾಕಿದೆ. ಒಂದೊಂದು ಊರಿಗೆ ವಾರದಲ್ಲಿ ಒಂದು ದಿನ. ರೈತರು ಬೆಳೆಯ ತುಂಡು ತರಬೇಕು. ತಜ್ಞರು ನೋಡಿ ಹೇಳಬೇಕು. ಹೇಳಿದ್ದನ್ನು ನಾವು ಧ್ವನಿಯಲ್ಲಿ ಮುದ್ರಿಸಿ, ಅದೇ ದಿನ ಹೊತ್ತು ಮುಳುಗುವುದರೊಳಗೆ ರೈತರ ಫೋನಿಗೆ ಕಳಿಸಬೇಕು. ಕಾಗದದಲ್ಲಿ ಬರೆದುಕೊಟ್ಟರೆ ಅದು ಅಂಗಿಯ ಜೇಬಿನಲ್ಲೇ ತೊಳೆದುಹೋಗುತ್ತದೆ. ಧ್ವನಿಯಾದರೆ ಮನೆಯವರೆಲ್ಲ ಕೂತು ಕೇಳುತ್ತಾರೆ. ಇವತ್ತಿನ ಉತ್ತರ ನಾಳೆಗೆ ಉಳಿಯಬಾರದು. ಇದೊಂದು ನಿಯಮ ಮುರಿಯಲು ನಾನು ಯಾರಿಗೂ ಬಿಡಲಿಲ್ಲ.

ತೊಂದರೆಗಳು ಮೊದಲ ವಾರದಿಂದಲೇ ಶುರುವಾದವು. ರಬಕವಿಯಲ್ಲಿ ನಮಗೆ ಸಿಕ್ಕ ಕೋಣೆಯ ಎರಡೂ ಮಗ್ಗುಲಿಗೆ ವಿದ್ಯುತ್ ಮಗ್ಗಗಳಿದ್ದವು. ಮುದ್ರಿಸಿ ಕಳಿಸಿದ್ದನ್ನು ಕೇಳಿ ಒಬ್ಬ ಅರಿಶಿನ ಬೆಳೆಗಾರ ಮರುವಾರ ಬಂದು, "ಮೇಡಂ ರೀ, ಹುಳದ ಮಾತ ಎಲ್ಲೈತ್ರೀ ಇದರಾಗ? ಒಂದ ಸೀರಿ ನೇಯ್ದ ಮುಗಿಯೂಮಟ ಕೇಳೇನಿ ನೋಡ್ರಿ" ಎಂದ. ಅಂದಿನಿಂದ ರಬಕವಿಯ ಉತ್ತರಗಳನ್ನು ವಾಪಸು ಬರುವ ದಾರಿಯಲ್ಲಿ, ಜೀಪು ನಿಲ್ಲಿಸಿ, ಹೊಳೆಯ ಕಡೆಯ ಬಯಲಲ್ಲಿ ಮುದ್ರಿಸತೊಡಗಿದೆವು. ಇನ್ನೊಂದು, ತಜ್ಞರ ಭಾಷೆ. ಮುಧೋಳದಲ್ಲಿ ಒಬ್ಬ ಮುದುಕ ಅವರ ಉತ್ತರವನ್ನು ಪೂರ್ತಿ ಕೇಳಿ, "ಸಾಹೇಬ್ರು ಛಲೋ ಮಾತಾಡ್ತಾರ್ರೀ, ರೇಡಿಯೋದಾಗ ವಾರ್ತಾ ಓದಿದಾಂಗ. ಆದ್ರ ನನ್ನ ಗೋವಿನಜ್ವಾಳಕ್ಕ ಏನ ಹೊಡಿಬೇಕ್ರೀ?" ಎಂದು ಕೇಳಿದ. ಆಮೇಲೆ ಅವರು ಹೇಳುವುದು, ನಾನು ನಮ್ಮ ಮಾತಿನಲ್ಲಿ ಮುದ್ರಿಸುವುದು ಎಂದಾಯಿತು.

ಸಾವಳಗಿ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಜಮಖಂಡಿಯ ಮೇಜಿಗೆ ಬಂದದ್ದು ಈ ಹೊತ್ತಿನಲ್ಲೇ. ಐವತ್ತರ ಆಸುಪಾಸು. ಟಂಟಂ ಆಟೋದ ಇಕ್ಕಟ್ಟಿನಲ್ಲಿ ಕೂತು ಬಂದಿದ್ದರೂ ಬಟ್ಟೆಯಲ್ಲಿ ಸುತ್ತಿದ ಬುಡವನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದಿದ್ದಳು. ಅವರದು ಮಸಾರಿ ಹೊಲ, ಕೆಂಪು ಮಿಶ್ರಿತ ಸಡಿಲ ಮಣ್ಣು. ತುಬಚಿಯಿಂದ ಹೊಳೆಯ ನೀರು ಮೇಲೆತ್ತಿ ಹರಿಸುವ ಯೋಜನೆ ಬರುವವರೆಗೆ ಅಲ್ಲಿ ಜೋಳ, ತೊಗರಿ ಬಿಟ್ಟು ಬೇರೇನೂ ಬೆಳೆದಿರಲಿಲ್ಲ. ನೀರು ಬಂದ ಮೇಲೆ ಅವಳ ಗಂಡ ಜೀವಮಾನದಲ್ಲಿ ಮೊದಲ ಸಲ ಕಬ್ಬು ಹಚ್ಚಿದ್ದರು. ಬೀಜದ ಕಬ್ಬನ್ನು ತಾವೇ ಆರಿಸಿ, ತಾವೇ ಕಡಿದು, ಸಾಲಿನಲ್ಲಿ ತಾವೇ ಊರಿದ್ದರು. ಕಬ್ಬು ಮೊಳಕಾಲೆತ್ತರ ಬಂದಾಗ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಿತು. ಅಂದಿನಿಂದ ಅವರು ಹಗ್ಗ ಹೆಣೆದ ಹೊರಸಿನ ಮೇಲೆ, ಅವಳು ಹೊಲದಲ್ಲಿ.

"ದಿನಾ ಸಂಜಿಗೆ ಕೇಳ್ತಾರ್ರೀ ಅಕ್ಕಾರ, ಕಬ್ಬ ಎಷ್ಟ ಆತು ಅಂತ," ಎಂದಳು. "ನಾನು ಕೈಲೇ ತೋರಸ್ತೇನಿ. ಇಷ್ಟ ಆತು, ಇಷ್ಟ ಆತು ಅಂತ." ತನ್ನ ಭುಜದ ಹತ್ತಿರ ಅಂಗೈ ಹಿಡಿದು ತೋರಿಸಿದಳು. ಆಮೇಲೆ ಆ ಕೈ ಕೆಳಗಿಳಿಯಿತು. "ಖರೇ ಅಂದ್ರ ನಡಾ ದಾಟಿಲ್ರಿ. ಸುಳಿ ಒಣಗಾಕತ್ತೈತಿ."

ತಜ್ಞರು ಬುಡವನ್ನು ಬಿಚ್ಚಿ ನೋಡಿದರು. ಬೇರುಗಳು ಗಿಡ್ಡವಾಗಿದ್ದವು, ತುದಿ ಸಮವಾಗಿ ಕತ್ತರಿಸಿದ ಹಾಗಿತ್ತು.

"ಬೇರು ಯಾಕಮ್ಮ ಹೀಗಿದೆ?"

"ಕೀಳೂವಾಗ ಹರದಾವ್ರಿ."

ಬುಡವನ್ನು ಸೀಳಿದರು. ಒಳಗೆ ತುಸು ಕೆಂಪಾಗಿತ್ತು. ನೀರು ಹೆಚ್ಚಾಗಿ ಬೇರು ಕೊಳೆಯುವ ರೋಗ ಇರಬಹುದು ಎಂದರು. ಆ ವಾರ ಅದೇ ಕಡೆಯಿಂದ ಬಂದ ಇನ್ನೂ ಕೆಲವರ ಕಬ್ಬು ಹಾಗೇ ಇತ್ತು. ಎಲ್ಲರಿಗೂ ಒಂದೇ ಉತ್ತರ: ನೀರು ಕಡಿಮೆ ಮಾಡಿ, ಬುಡಕ್ಕೆ ಈ ಔಷಧ ಸುರಿಯಿರಿ.

ಉತ್ತರ ಯಾವ ಫೋನಿಗೆ ಕಳಿಸಬೇಕೆಂದು ಕೇಳಿದೆ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆಯೋ ಅವರ ಫೋನಿಗೆ ಕಳಿಸುವುದು ಸಂಘದ ಕಟ್ಟಳೆ. ಹೊಲ ಗಂಡನ ಹೆಸರಿನಲ್ಲಿತ್ತು. ಮನೆಯಲ್ಲಿದ್ದ ಫೋನೂ ಒಂದೇ. ಅದು ಅವರ ತಲೆದಿಂಬಿನ ಹತ್ತಿರ ಇರುತ್ತಿತ್ತು.

"ಅವರಿಗೇ ಕಳಸ್ರಿ," ಎಂದಳು. "ಅವರು ಕೇಳಿ ನನಗ ಹೇಳ್ತಾರ. ಹೇಳಿದಾಂಗ ನಾ ಮಾಡ್ತೇನಿ. ಅಷ್ಟರೆ ಅವರ ಕೈಯಾಗ ಇರಲಿ."

ಹಾಗೆಯೇ ನಡೆಯಿತು. ನನ್ನ ಧ್ವನಿ ಅವರ ದಿಂಬಿನ ಪಕ್ಕದಲ್ಲಿ ಮಾತಾಡುತ್ತಿತ್ತು. ಅವರು ಅದನ್ನು ಮತ್ತೆ ಮತ್ತೆ ಕೇಳಿ, ಎಡಗೈ ಸನ್ನೆಯಲ್ಲಿ, ತೊದಲು ಮಾತಿನಲ್ಲಿ ಹೆಂಡತಿಗೆ ಅಪ್ಪಣೆ ಕೊಡುತ್ತಿದ್ದರು. ಎಷ್ಟು ನೀರಿಗೆ ಎಷ್ಟು ಔಷಧ, ಯಾವ ಸಾಲಿನಿಂದ ಶುರು ಮಾಡಬೇಕು, ಎಲ್ಲವನ್ನೂ. ಹೊರಸಿನ ಮೇಲಿಂದಲೇ ಆ ಮನುಷ್ಯ ಒಕ್ಕಲುತನ ಮಾಡುತ್ತಿದ್ದರು. ಅವಳು ಹೇಳಿದಂತೆ ಮಾಡಿ ಬಂದು, ಸಂಜೆ ಕೈಯನ್ನು ಇನ್ನಷ್ಟು ಮೇಲೆ ಹಿಡಿದು ತೋರಿಸುತ್ತಿದ್ದಳು.

ಕಬ್ಬು ಮಾತ್ರ ಸುಧಾರಿಸಲಿಲ್ಲ. ಮರುವಾರ ಬಂದ ಬುಡಗಳೂ ಹಾಗೇ, ಅದರ ಮರುವಾರವೂ ಹಾಗೇ. ತಜ್ಞರಿಗೆ ನಿದ್ದೆ ಕೆಟ್ಟಿತು. "ಮೇಡಂ, ರೋಗವಾಗಿದ್ದರೆ ಇಷ್ಟರಲ್ಲಿ ಹತೋಟಿಗೆ ಬರಬೇಕಿತ್ತು. ನಾನು ಏನನ್ನೋ ನೋಡುತ್ತಿಲ್ಲ" ಎಂದರು. ಅಂಥ ಮಾತನ್ನು ಬಾಯಿಬಿಟ್ಟು ಹೇಳುವ ತಜ್ಞರನ್ನು ನಾನು ಹೆಚ್ಚು ಕಂಡಿಲ್ಲ.

ಏನನ್ನು ನೋಡುತ್ತಿರಲಿಲ್ಲ ಎಂಬುದು ಗೊತ್ತಾದದ್ದು ನಳದ ಹತ್ತಿರ. ಅಂದು ಜಮಖಂಡಿಯಲ್ಲಿ ನಮ್ಮ ಸರದಿ. ನಾನು ಎಂದಿನಂತೆ ಬಾಗಿಲು ತೆಗೆಯುವ ಮೊದಲೇ ಹೋಗಿದ್ದೆ. ಸಂಘದ ಕಟ್ಟಡದ ಹಿಂದೆ ಒಂದು ನಳವಿದೆ. ಅಲ್ಲಿ ನಾಲ್ಕೈದು ಜನ ಕುಕ್ಕರಗಾಲಿನಲ್ಲಿ ಕೂತು ಕಬ್ಬಿನ ಬುಡ ತೊಳೆಯುತ್ತಿದ್ದರು. ಬೆರಳಿನಿಂದ ಬೇರಿನ ಸಂದಿ ಸಂದಿ ತಿಕ್ಕುತ್ತಿದ್ದರು. ಒಬ್ಬ ತೊಳೆದಾದ ಮೇಲೆ, ಪೇಟೆಗೆ ಒಯ್ಯುವ ಮೆಂತ್ಯದ ಕಟ್ಟನ್ನು ಸವರುವಂತೆ, ಹರಿದ ಬೇರಿನ ತುದಿಗಳನ್ನು ಕುಡಗೋಲಿನಿಂದ ಸವರುತ್ತಿದ್ದ. ಕೆಂಪು ರಾಡಿ ನೀರು ಗಟಾರಿಗೆ ಹರಿಯುತ್ತಿತ್ತು.

"ಯಾಕ ತೊಳಿಯಾಕತ್ತೀರಿ?" ಎಂದು ಕೇಳಿದೆ.

ಕುಡಗೋಲು ಹಿಡಿದವನು ಎದ್ದು ನಿಂತ. ಅವನು ಆ ಹೆಣ್ಣುಮಗಳ ಮೈದುನ. ಅವಳ ಗಂಡನ ಚಿಕ್ಕಪ್ಪನ ಮಗ. ಅವರ ಹೊಲಕ್ಕೆ ಹತ್ತಿಕೊಂಡೇ ಅವನ ಹೊಲವಿತ್ತು.

"ಮತ್ತ ಹೆಂಗ್ರೀ ಮೇಡಂ? ಮಣ್ಣ-ಹೊಲಸ ತಗೊಂಡ ಬಂದ ಸಾಹೇಬರ ಮೇಜಿನ ಮ್ಯಾಲ ಇಡಾಕ ಬರತೈತೇನ್ರಿ? ತಿಳದವರ ಮುಂದ ಹೋಗೂವಾಗ ಒಂದ ರೀತಿ ಐತಿ."

"ಮಣ್ಣಿನ್ಯಾಗ ಏನರೆ ಇತ್ತೇನು?"

"ಏನಿರತೈತ್ರೀ? ಹುಳಾ-ಹುಪ್ಪಡಿ ಇದ್ವು. ಹೊಲದಾಗನ ಝಾಡಿಸಿ ಬಂದೇವಿ."

ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ದೊಡ್ಡವರ ಮುಂದೆ ಹೋಗುವಾಗ ಕೈಕಾಲು ತೊಳೆದುಕೊಳ್ಳುವ ಜನ, ಬೇರನ್ನೂ ತೊಳೆದಿದ್ದರು. ಮುಧೋಳದಲ್ಲಿ, ಬೀಳಗಿಯಲ್ಲಿ, ಎಲ್ಲ ಕಡೆಯೂ ಅದೇ. ನಾವು ನೋಡಬೇಕಾದದ್ದನ್ನು ಗೌರವಕ್ಕಾಗಿ ಹೊಲದಲ್ಲೇ ಬಿಟ್ಟು ಬರುತ್ತಿದ್ದರು. ತಜ್ಞರು ಬಂದಾಗ ಅವರನ್ನು ನೇರ ನಳದ ಹತ್ತಿರ ಕರೆದೊಯ್ದೆ. ಇನ್ನೂ ತೊಳೆಯದ ಒಂದು ಬುಡ ಉಳಿದಿತ್ತು. ಅದರ ಮಣ್ಣನ್ನು ಅವರು ಅಂಗೈಯಲ್ಲಿ ಒಡೆದರು. ಕಿರುಬೆರಳಿನ ಉಗುರಿನಷ್ಟು ಬಿಳಿ ಹುಳು, ಕಂದು ತಲೆ, ಮೈ ಬಾಗಿಸಿಕೊಂಡು ಮಲಗಿತ್ತು.

"ಗೊಣ್ಣೆಹುಳು," ಎಂದರು.

ಗೊಣ್ಣೆಹುಳುವಿನ ವಿಷಯ ಕಬ್ಬಿನ ನಾಡಿಗೆ ಹೊಸದಲ್ಲ. ಮುಂಗಾರಿನ ಮೊದಲ ಮಳೆಗೆ ಅದರ ದುಂಬಿಗಳು ಮಣ್ಣಿನಿಂದ ಎದ್ದು ಬೇವಿನ ಮರ, ಜಾಲಿ ಮರಕ್ಕೆ ಕೂಡುತ್ತವೆ. ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಮರಿ ಚಿಕ್ಕದಿರುವಾಗ ಹಿಡಿದರೆ ಬಗ್ಗುತ್ತದೆ. ಬಲಿತ ಮೇಲೆ ಬೇರನ್ನೆಲ್ಲ ತಿಂದು ಮುಗಿಸುತ್ತದೆ; ಆಗ ಔಷಧ ನೀರಿಗೆ ಸಮ. ಆದರೆ ಮಸಾರಿಯ ಆ ಹೊಲಗಳು ಮೊನ್ನೆಮೊನ್ನೆಯವರೆಗೆ ಜೋಳ ಬೆಳೆದವು. ಅಲ್ಲಿಯ ರೈತರಿಗೆ ಹುಳು ಅಂದರೆ ಎಲೆಯ ಮೇಲಿನದು. ಬಲಿಯುವ ಮೊದಲಿನ ವಾರಗಳು ನಮ್ಮ ಮೇಜಿನ ಮುಂದೆಯೇ ಕಳೆದುಹೋಗಿದ್ದವು.

ಆ ದಿನವೇ ಮೇಜು ಎತ್ತಿಸಿದೆ. ಇನ್ನು ಮೇಲೆ ತುಂಡು ತರುವುದಿಲ್ಲ, ನಾವೇ ಹೊಲಕ್ಕೆ ಹೋಗುವುದು. ಬದುವಿನ ಮೇಲೆ ನಿಂತು, ಸಲಿಕೆಯಿಂದ ಅಗೆದು, ಮಣ್ಣು ನೋಡಿದ ಮೇಲೆಯೇ ಉತ್ತರ. ಸಂಘದವರು ಜೀಪಿನ ಎಣ್ಣೆಯ ಬಗ್ಗೆ ಏನೋ ಅಂದರು. ನಾನು ಕೇಳಿಸಿಕೊಳ್ಳಲಿಲ್ಲ.

ಮೊದಲು ಹೋದದ್ದು ಸಾವಳಗಿ ಕಡೆಗೇ. ಮೈದುನ ಸಲಿಕೆ ಹಿಡಿದು ಮುಂದೆ ನಡೆದ. ಅತ್ತಿಗೆಯ ಹೊಲಕ್ಕೆ ಕಾಲಿಟ್ಟವನೇ ಕಬ್ಬಿನ ಒಂದು ಬುಡವನ್ನು ಹಿಡಿದು ಎಳೆದ. ಅದು ಬತ್ತಿ ಕಿತ್ತ ಹಾಗೆ ಸಲೀಸಾಗಿ ಬಂತು. ಕೆಳಗೆ ಬೇರೇ ಇರಲಿಲ್ಲ. ಅಗೆದ ಕಡೆಯೆಲ್ಲ ಹುಳುಗಳು, ಹೆಬ್ಬೆರಳ ಗಾತ್ರ, ಒಂದರ ಮೇಲೊಂದು.

"ಅಯ್ಯ ವೈನಿ, ಇಷ್ಟ ಮಂದಿ ಬೀಗರನ್ನ ಇಟಗೊಂಡ ಕುಂತೀ, ನಮಗ ಒಂದ ಮಾತ ಹೇಳಬಾರದೇನ?" ಎಂದ. ನಗಿಸಬೇಕೆಂದು ಅಂದದ್ದು. ಅವಳು ನಗಲಿಲ್ಲ; ಅವನಿಗೂ ನಗು ಬರಲಿಲ್ಲ. ಅವನ ಹೊಲದ ಅಂಚಿನ ಸಾಲುಗಳು ಆಗಲೇ ಹಳದಿಗೆ ತಿರುಗಿದ್ದವು.

ತಜ್ಞರು ಇಡೀ ದಿನ ಆ ಸುತ್ತಿನ ಹೊಲಗಳನ್ನು ಅಗೆದು ನೋಡಿದರು. ಕೊನೆಗೆ ನನ್ನನ್ನು ಬದುವಿನ ಮೇಲೆ ಕರೆದು ಹೇಳಿದರು. ಮೈದುನನದೂ ಉಳಿದವರದೂ ಹೊಲದಲ್ಲಿ ಹುಳು ವಿರಳ. ನೀರು ಕಟ್ಟಿ ನಿಲ್ಲಿಸಿ, ಹುಳುವಿಗೆ ರೋಗ ತರುವ ಶಿಲೀಂಧ್ರವನ್ನು ಹಳೆಯ ತಿಪ್ಪೆಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಕೊಟ್ಟರೆ ಉಳಿಸಬಹುದು. ಆ ಹೆಣ್ಣುಮಗಳ ಹೊಲ ಉಳಿಯುವುದಿಲ್ಲ. ಹಾಗೇ ಬಿಟ್ಟರೆ ಹುಳು ಆಳಕ್ಕಿಳಿದು ಕೋಶ ಕಟ್ಟಿ, ಬರುವ ಮುಂಗಾರಿಗೆ ದುಂಬಿಯಾಗಿ ಎದ್ದು ಇಡೀ ಬಯಲಿಗೆ ಹಬ್ಬುತ್ತದೆ. ಅವು ಮೇಲೆ ಇರುವಾಗಲೇ ಕಬ್ಬು ಕಡಿದು ಮೇವಿಗೆ ಹಾಕಿ, ಹೊಲಕ್ಕೆ ರಂಟೆ ಹೊಡೆದು ಆಳಕ್ಕೆ ಉತ್ತು, ಹುಳುವನ್ನು ಬಿಸಿಲಿಗೆ, ಹಕ್ಕಿಗೆ ಬಿಡಬೇಕು.

"ಬೇರೆ ದಾರಿ?"

"ಇದ್ದಿದ್ದರೆ ಹೇಳುತ್ತಿದ್ದೆ, ಮೇಡಂ."

ಉತ್ತರ ಸಿದ್ಧವಾಯಿತು. ಸಂಜೆಯಾಗುತ್ತಿತ್ತು. ಬದುವಿನ ಮೇಲೆ ಕೂತು ಒಬ್ಬೊಬ್ಬರಿಗೆ ಹೇಳಬೇಕಾದದ್ದನ್ನು ಮುದ್ರಿಸಿ ಕಳಿಸತೊಡಗಿದೆ. ಆ ಹೆಣ್ಣುಮಗಳು ನನ್ನ ಪಕ್ಕಕ್ಕೆ ಬಂದು ಕೂತಳು. ಅವಳ ಕೈಗೆ ಇನ್ನೂ ಮಣ್ಣಿತ್ತು.

"ಅಕ್ಕಾರ, ನಮ್ಮದು ಕಳಸಬ್ಯಾಡ್ರಿ."

ನಾನು ಕೈ ನಿಲ್ಲಿಸಿದೆ.

"ಈಗ ಫೋನ ಹಿಡಕೊಂಡ ಕುಂತಿರ್ತಾರ. ನಿಮ್ಮ ದನಿ ಬಂತಂದ್ರ ಮಾರಿ ಅರಳತೈತಿ ಅವರದ. ಕಬ್ಬ ತಲಿಮಟ ಬಂದೈತಿ ಅಂತ ನಿನ್ನಿ ಸಂಜಿಕ ಕೈ ಎತ್ತಿ ತೋರಿಸೇನ್ರಿ. ಬಾಜೂಕ ಯಾರೂ ಇರೂದಿಲ್ಲ, ಒಬ್ರ ಇರ್ತಾರ. ಒಬ್ರ ಇದ್ದಾಗ ಅದನ್ನ ಕೇಳಬಾರದ್ರಿ."

ಇವತ್ತಿನ ಉತ್ತರ ಇವತ್ತೇ ಹೋಗಬೇಕು. ಹೊಲದ ಒಡೆಯನಿಗೇ ಹೋಗಬೇಕು. ಎರಡೂ ನಾನೇ ಪಾಲಿಸಿಕೊಂಡು ಬಂದ ಕ್ರಮಗಳು. ಒಬ್ಬರಿಗಾಗಿ ಬಿಟ್ಟರೆ ನಾಳೆ ಇನ್ನೊಬ್ಬರಿಗೆ ಬಿಡಬೇಕಾಗುತ್ತದೆ ಎಂಬುದೂ ಗೊತ್ತಿತ್ತು. ಉಳಿದವರದನ್ನೆಲ್ಲ ಕಳಿಸಿದೆ. ಅವಳ ಮನೆಯದನ್ನು ಮಾತ್ರ ಕಳಿಸಲಿಲ್ಲ. "ನಾಳೆ ಮುಂಜಾನೆ ನಾನೇ ಬಂದು ಹೇಳ್ತೇನಿ. ನೀನೂ ಅಲ್ಲೇ ಇರು" ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. ಆ ಸಂಜೆ ಅವಳು ಕೈಯನ್ನು ಎಷ್ಟೆತ್ತರ ಹಿಡಿದಳೋ ನಾನು ಕೇಳಲಿಲ್ಲ.

ಮರುದಿನ ನಾನು, ತಜ್ಞರು, ಮೈದುನ ಮೂವರೂ ಹೋದೆವು. ಪಡಸಾಲೆಯ ಒಂದು ಮೂಲೆಗೆ ಹೊರಸು. ಹಣೆಯ ತುಂಬ ವಿಭೂತಿ ಹಚ್ಚಿಸಿಕೊಂಡು, ಶುಭ್ರವಾದ ಅಂಗಿ ಹಾಕಿಸಿಕೊಂಡು ಅವರು ದಿಂಬಿಗೆ ಒರಗಿದ್ದರು. ನಾನು ನಮಸ್ಕಾರ ಅಂದ ಕೂಡಲೇ ಧ್ವನಿ ಗುರುತು ಹಿಡಿದರು. ಎಡಗೈಯಿಂದ ಫೋನನ್ನೂ ನನ್ನನ್ನೂ ತೋರಿಸಿ ಹೆಂಡತಿಯ ಕಡೆ ನೋಡಿ ನಕ್ಕರು. ಬಾಯಿಯ ಒಂದೇ ಬದಿ ನಕ್ಕಿತು.

"ನೀವಂತ ಗೊತ್ತಾತ್ರಿ ಅವರಿಗೆ," ಎಂದಳು ಅವಳು.

"ಕುಂ...ಡ್ರ್ರಿ," ಎಂದರು. ಆಮೇಲೆ, ಕಷ್ಟಪಟ್ಟು, "ನೀವ... ನೋಡೀರಿ? ಎಷ್ಟ... ಆಗೈತಿ?"

ಹೆಂಡತಿ ಕೈಯಿಂದ ತೋರಿಸಿದ್ದು ಅವರಿಗೆ ಸಾಲದು. ಕಣ್ಣಾರೆ ಕಂಡು ಬಂದವರ ಬಾಯಿಂದ ಕೇಳಬೇಕಿತ್ತು. ಸುತ್ತುಬಳಸಿ ಹೇಳುವುದು ನನಗೆ ಬರುವುದಿಲ್ಲ. ಕಬ್ಬು ಸೊಂಟದಿಂದ ಮೇಲೆ ಬೆಳೆದಿಲ್ಲ, ಬೇರನ್ನು ಗೊಣ್ಣೆಹುಳು ತಿಂದಿದೆ, ಉಳಿಯುವುದಿಲ್ಲ ಎಂದೆ. ಅದು ನಮಗೂ ತಡವಾಗಿ ಗೊತ್ತಾಯಿತು ಎಂದೂ ಹೇಳಿದೆ. ಹೊಲವನ್ನು ರಂಟೆ ಹೊಡೆಸಬೇಕು ಎಂದೆ.

ಅವರು ನನ್ನನ್ನು ಬಿಟ್ಟು ಹೆಂಡತಿಯನ್ನು ನೋಡಿದರು. ಅವಳು ತಲೆ ತಗ್ಗಿಸಿದಳು.

"ಬ್ಯಾಡ," ಎಂದರು. ಅದೊಂದು ಮಾತು ತೊದಲಲಿಲ್ಲ.

ತಜ್ಞರು ಮುಂಗಾರಿನ ದುಂಬಿಯ ಬಗ್ಗೆ, ಸುತ್ತಲಿನ ಹೊಲಗಳ ಬಗ್ಗೆ ತಿಳಿಸಿ ಹೇಳಿದರು. ಮೈದುನ ಹೊರಸಿನ ಕಾಲ ಹತ್ತಿರ ನೆಲದ ಮೇಲೆ ಕೂತ.

"ಅಣ್ಣಾ, ನನ್ನ ಹೊಲದ ಅಂಚಿಗೂ ಬಂದಾವೋ. ನಿನ್ನದ ಹಾಂಗ ನಿಂತ್ರ ನಾಳೆ ನನ್ನದೂ ನಿಲ್ಲೂದಿಲ್ಲ. ನಿನ್ನ ಕೈ ಮುಗೀತೇನಿ."

"ಬ್ಯಾಡ. ಇದ್ದದ್ದ... ಇರಲಿ. ಒಂದ ಗಾಡಿ... ಫ್ಯಾಕ್ಟರಿಗೆ... ಹೋಗಲಿ."

ಒಂದು ಗಾಡಿ. ಅವರ ಆಸೆ ಅಷ್ಟೇ ಇತ್ತು. ತಮ್ಮ ಹೊಲದಿಂದ ಕಬ್ಬು ಹೇರಿದ ಒಂದು ಟ್ರ್ಯಾಕ್ಟರು ಊರ ನಡುವೆ ಹಾದು ಕಾರ್ಖಾನೆಗೆ ಹೋಗುವುದನ್ನು, ಹೊರಸಿನ ಮೇಲಿಂದಲೇ ಆದರೂ, ಕೇಳಬೇಕಿತ್ತು. ಜೋಳದ ಮನುಷ್ಯ; ಕಬ್ಬಿನ ಗಾಡಿ ಅವರ ಪಾಲಿಗೆ ಇನ್ನೊಬ್ಬರ ಮನೆಯ ದಿಬ್ಬಣವಾಗಿಯೇ ಹಾದುಹೋಗಿತ್ತು, ಇಲ್ಲಿಯವರೆಗೆ.

ಉತಾರದಲ್ಲಿ ಅವರ ಹೆಸರಿದೆ, ಅವರು ಒಲ್ಲೆ ಎಂದಿದ್ದಾರೆ. ನಮ್ಮ ಕಟ್ಟಳೆಯ ಪ್ರಕಾರ ನಮ್ಮ ಕೆಲಸ ಅಲ್ಲಿಗೆ ಮುಗಿದಿತ್ತು. ಎದ್ದು ಬರಬಹುದಿತ್ತು. ನಾನು ಏಳಲಿಲ್ಲ. ಆ ಹೊಲಕ್ಕೆ ನೀರು ಕಟ್ಟಿದವಳು, ಕಸ ತೆಗೆದವಳು, ಟಂಟಂನಲ್ಲಿ ಬುಡ ಹೊತ್ತು ತಂದವಳು ಬಾಗಿಲ ಕಂಬಕ್ಕೆ ಆತು ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಹೊರಗೆ ಕರೆದೊಯ್ದು ಕೇಳಿದರೆ ಅದು ಗಂಡನ ಬೆನ್ನ ಹಿಂದೆ ಮಾಡಿದ ಕೆಲಸವಾಗುತ್ತದೆ. ಅಂಥದ್ದು ಅವಳನ್ನು ಆಮೇಲೆ ಬದುಕಲು ಬಿಡುವುದಿಲ್ಲ ಎನ್ನಿಸಿತು. ಅಲ್ಲಿಯೇ, ಅವರೆದುರಿಗೇ ಕೇಳಿದೆ.

"ಹೊಲಾ ಮಾಡಾಕತ್ತಾಕಿ ನೀನು. ನೀ ಏನಂತಿ?"

ಅವಳು ಗಂಡನ ಹತ್ತಿರ ಹೋಗಿ, ಜಾರಿದ್ದ ದಿಂಬನ್ನು ಸರಿಮಾಡಿದಳು. ಬಾಯಿಯ ಕೊನೆಗೆ ಬಂದಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿದಳು. ಮೈದುನನ ಮುಖ ನೋಡಿದಳು.

"ಹೊಡಸ್ರಿ," ಎಂದಳು.

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಕಬ್ಬು ಕಡಿಯಲು ಓಣಿಯ ಜನವೆಲ್ಲ ಬಂದಿದ್ದರು. ಕಡಿದದ್ದು ಊರ ದನಗಳಿಗೆ ಮೇವಾಯಿತು. ರಂಟೆ ಹೊಡೆಯುವ ದಿನ ಬೆಳ್ಳಕ್ಕಿಗಳು ಎಲ್ಲಿದ್ದವೋ, ಟ್ರ್ಯಾಕ್ಟರಿನ ಹಿಂದೆ ಹೊಲವೇ ಬೆಳ್ಳಗಾಗುವಷ್ಟು ಬಂದು ಇಳಿದವು. ಹಕ್ಕಿ ಬಿಟ್ಟದ್ದನ್ನು ಹೆಂಗಸರು ಬಕೆಟ್ಟಿನಲ್ಲಿ ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರು. ಅವಳೂ ಆರಿಸಿದಳು. ಮಧ್ಯಾಹ್ನ ಎಲ್ಲರೂ ಬದುವಿನ ಮೇಲೆ ರೊಟ್ಟಿ ಬಿಚ್ಚಿದಾಗ ಮೈದುನ, "ವೈನಿ, ಊಟಕ್ಕ ಬಾರ ಬೇ, ಹುಳಾ ಎಲ್ಲಿ ಓಡಿ ಹೊಕ್ಕಾವು?" ಎಂದು ಕೂಗಿದ. ಅವಳು ಬರಲಿಲ್ಲ. ಬಗ್ಗಿದವಳು ಬಗ್ಗಿದ ಹಾಗೆಯೇ ಸಾಲು ಮುಗಿಸಿದಳು. ಆಮೇಲೆ ಇನ್ನೊಮ್ಮೆ ಅಡ್ಡ ರಂಟೆ ಹೊಡೆಸಿದೆವು.

ಆ ವಾರವೇ ಸಂಘದವರ ಮುಂದೆ ಎರಡು ಬದಲಾವಣೆ ಇಟ್ಟೆ. ಸಲಹೆ ಹೋಗಬೇಕಾದದ್ದು ಉತಾರದ ಹೆಸರಿಗಲ್ಲ, ಹೊಲದಲ್ಲಿ ದುಡಿಯುವವರಿಗೆ. ಅವರಿಗೆ ಫೋನಿಲ್ಲದಿದ್ದರೆ ಹೊಲಕ್ಕೇ ಹೋಗಿ ಹೇಳಬೇಕು. ಬೆಳೆ ಕಿತ್ತುಹಾಕಿ ಎನ್ನುವ ಸಲಹೆ ಯಾವ ಕಾರಣಕ್ಕೂ ಫೋನಿನಲ್ಲಿ ಹೋಗಕೂಡದು. ಇಬ್ಬರು ಹೋಗಿ, ಕೂತು, ಮನೆಯವರೆಲ್ಲರ ಎದುರು ಹೇಳಬೇಕು. ಒಪ್ಪಿದರು. ಈಗಲೂ ಹಾಗೇ ನಡೆಯುತ್ತಿದೆ. ಮೈದುನನ ಕಬ್ಬು ಚೇತರಿಸಿಕೊಂಡಿತು. ಆ ಬಯಲಿನ ಉಳಿದವರ ಕಬ್ಬೂ ನಿಂತಿತು.

ನಡುವೆ ಆ ಕಡೆ ಹೋದಾಗಲೆಲ್ಲ ಅವಳ ಮನೆಗೆ ಹೋಗಿ ಬರುತ್ತಿದ್ದೆ. ಅವರು ಅವಳ ಕೈಯಿಂದ ಉಣ್ಣುತ್ತಿದ್ದರು, ನೀರು ಕುಡಿಯುತ್ತಿದ್ದರು; ಅವಳ ಮುಖ ನೋಡುತ್ತಿರಲಿಲ್ಲ. ಫೋನು ಕೈಗೆ ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದರು. ನನ್ನ ನಮಸ್ಕಾರಕ್ಕೆ ಎಡಗೈ ತುಸು ಏಳುತ್ತಿತ್ತು, ಅಷ್ಟೇ.

ದಸರೆಯ ಹೊತ್ತಿಗೆ ಹೋದಾಗ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. ಒಲೆಯ ಮುಂದೆ ಕೂತು ಚಹಾ ಸೋಸುತ್ತ, ಮೆಲ್ಲಗೆ ಹೇಳಿದಳು. "ಸಂಜ್ಯಾತಂದ್ರ ಜೀವಾ ತಡಿಯೂದಿಲ್ರಿ ಅಕ್ಕಾರ. ಎಷ್ಟ ಆತು ಅಂತ ಕೇಳವ್ರ ಈಗ ಕೇಳೂದಿಲ್ಲ. ಆವಾಗ ಸುಳ್ಳ ಹೇಳತಿದ್ನಿ, ಖರೆ. ಆದ್ರ ಮಾತರೆ ಇತ್ತು."

ಸೋಸಿದ ಅರಿವೆಯನ್ನು ಹಿಂಡಿ ಪಕ್ಕಕ್ಕಿಟ್ಟಳು.

"ನಿಮ್ಮ ಮ್ಯಾಲ ಸಿಟ್ಟ ಮಾಡೂನು ಅಂತ ಎಷ್ಟ ಸರ್ತಿ ಮಾಡೇನ್ರಿ. ಆ ಸಾಹೇಬ್ರ ಮ್ಯಾಲ, ನಮ್ಮ ಮೈದುನನ ಮ್ಯಾಲ. ನೀವ ಹೇಳಿದ್ದ ಖರೇನ ಇತ್ತು. ಅದಕ್ಕ ಯಾರ ಮ್ಯಾಲೂ ಸಿಟ್ಟ ಮಾಡಾಕ ಬರವಲ್ದು." ಚಹಾದ ಬಸಿಯನ್ನು ನನ್ನ ಕಡೆ ಸರಿಸಿದಳು. "ಕುಡೀರಿ, ಆರತೈತಿ."

ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು. ಲಕ್ವಾ ಎರಡನೆಯ ಸಲ ಹೊಡೆದಿತ್ತು. ಹೊಲದ ವಿಷಯ ಇರದಿದ್ದರೂ ಅದು ಬರುವುದೇ ಆಗಿತ್ತೆಂದು ಜಮಖಂಡಿಯ ವೈದ್ಯರು ಹೇಳಿದರಂತೆ. ಇರಬಹುದು.

ತಜ್ಞರೂ ನಾನೂ ಮಣ್ಣಿಗೆ ಹೋದೆವು. ಸ್ವಂತ ಹೊಲವಿದ್ದವರನ್ನು ಹೊಲದಲ್ಲೇ ಮಣ್ಣು ಮಾಡುವುದು ಆ ಮನೆತನದ ರೂಢಿ. ಮೂಡಣ ಬದುವಿನ ಹತ್ತಿರ ಜಾಗ ಗುರುತು ಮಾಡಿದ್ದರು. ಭಜನೆಯ ತಾಳದೊಡನೆ ಅವರನ್ನು ಕೂಡಿಸಿಕೊಂಡು ತಂದು ಇಳಿಸಿದಾಗ ಕುಣಿ ತೋಡುವುದು ಇನ್ನೂ ಮುಗಿದಿರಲಿಲ್ಲ. ಮೈದುನನೇ ಒಳಗಿಳಿದು ಅಗೆಯುತ್ತಿದ್ದ. ಎರಡು ಸಲ ರಂಟೆ ಹೊಡೆದ ಮೇಲ್ಮಣ್ಣು ಸಲೀಸಾಗಿ ಬಂದಿತ್ತು. ಈಗ ಆಳದ ಗಟ್ಟಿ ಮಣ್ಣು ಬರುತ್ತಿತ್ತು.

ನಾನು ನೋಡಿದೆ: ಅವನು ಸಲಿಕೆಯಲ್ಲಿ ಎತ್ತಿದ ಪ್ರತಿಯೊಂದು ಹೆಂಟೆಯನ್ನು ಹೊರಗೆ ಎಸೆಯುವ ಮೊದಲು ಬೆರಳಿನಿಂದ ಒಡೆಯುತ್ತಿದ್ದ. ಅವನಿಗೆ ಅದು ಗೊತ್ತಾಗುತ್ತಲೂ ಇರಲಿಲ್ಲವೇನೋ. ಮೇಲೆ ನಿಂತವರೂ ತಾಳ ಬಾರಿಸುವುದನ್ನು ಬಿಟ್ಟು ಮಣ್ಣನ್ನೇ ನೋಡುತ್ತಿದ್ದರು. ಕೋಶ ಕಟ್ಟಲು ಹುಳು ಆಳಕ್ಕಿಳಿಯುವ ಕಾಲ ಅದೇ. ಹಾಗೆ ಇಳಿದಿವೆಯೇ ಎಂದು ಆ ತಿಂಗಳು ಅಷ್ಟೇ ಆಳಕ್ಕೆ ಅಗೆದು ನೋಡಬೇಕೆಂದು ತಜ್ಞರು ನನ್ನ ಹತ್ತಿರ ಹೇಳಿದ್ದರು. ಈಗ ಅವರೇ ಕುಣಿಯ ಅಂಚಿಗೆ ಕೂತು, ಕನ್ನಡಕ ಏರಿಸಿಕೊಂಡು, ನಾಲ್ಕೂ ಗೋಡೆಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ನೋಡುತ್ತ ಹೋದರು.

ಹೆಂಗಸರ ನಡುವಿನಿಂದ ಅವಳು ಎದ್ದು ಬಂದಳು. ಯಾರೋ ಹಿಡಿಯಲು ಹೋದರು, ಬಿಡಿಸಿಕೊಂಡಳು. ಕುಣಿಯ ಅಂಚಿಗೆ ನಿಂತು ತಜ್ಞರನ್ನು ಕೇಳಿದಳು.

"ಅದಾವೇನ್ರಿ?"

"ಇಲ್ಲಮ್ಮ."

"ಒಂದೂ?"

ಅವರು ಮೈದುನನನ್ನು ನೋಡಿದರು. ಅವನು ಕೆಳಗಿನಿಂದ ತಲೆಯಲ್ಲಾಡಿಸಿದ. "ಒಂದೂ ಇಲ್ಲ, ವೈನಿ."

ಅವಳು ತಿರುಗಿ, ಹೂವು-ಬಿಲ್ವಪತ್ರೆಗಳ ನಡುವೆ ಕೂಡಿಸಿದ್ದ ಗಂಡನ ಹತ್ತಿರ ಹೋದಳು. ಅವರ ಹೆಗಲ ಮೇಲೆ ಜಾರಿದ್ದ ವಸ್ತ್ರವನ್ನು ಸರಿಮಾಡಿದಳು. ಆಮೇಲೆ ಬಗ್ಗಿ, ಅವರ ಕಿವಿಯ ಹತ್ತಿರ ಬಾಯಿ ಇಟ್ಟು, ಇಷ್ಟು ಜನ ಇದ್ದಾರೆಂಬ ಪರಿವೆಯಿಲ್ಲದೆ ಹೇಳಿದಳು.

"ಒಂದೂ ಇಲ್ಲಂತ್ರಿ."